ಬಾಣಂತಿ ನೀರಿನ ಪುದೀನ

ಯರೆಹಾಳದ ಬಣಗಾರ ಓಣಿ ಮುಗಿಯುವಲ್ಲಿ ಮಣ್ಣಿನ ಮಾಳಿಗೆಯ ಒಂದು ಸಣ್ಣ ಮನೆ. ಪೂಜ್ಯ ಹಾಲವ್ವ ತಾಯಿಯವರು ತಮ್ಮ ಆಯುಷ್ಯವನ್ನೆಲ್ಲ ಸವೆಸಿದ್ದು ಅಲ್ಲಿಯೇ. ಅವರಿಗೆ ಗದ್ದುಗೆ ಎಂಬುದೊಂದಿದ್ದರೆ ಅದು ಹಿತ್ತಲ ಬಚ್ಚಲಿನಲ್ಲಿದ್ದ ಮೋಟು ಮಣೆ. ಎದುರಿಗೆ ಒಂದು ಚಪ್ಪಡಿ ಕಲ್ಲು, ಪಕ್ಕದಲ್ಲಿ ಒಲೆಯ ಮೇಲೆ ಕೂಡಿಸಿದ ತಾಮ್ರದ ಹಂಡೆ. ತಾಯಿಯವರು ಸೂಲಗಿತ್ತಿಯಾಗಿದ್ದರು. ಹೆರಿಗೆ ಮಾಡಿಸುವುದು, ಬಾಣಂತಿಗೂ ಕೂಸಿಗೂ ಬಿಸಿನೀರು ಹಾಕುವುದು, ಕೈ ಬಿಡುವಾದಾಗ ಲಿಂಗಪೂಜೆಗೆ ಕೂಡುವುದು, ಇಷ್ಟೇ ಅವರ ಸಾಧನೆ. ಅವರನ್ನು ಸಂತರೆಂದು ಕರೆದವರು ನಾವು. ಆ ಮಾತು ಅವರ ಕಿವಿಗೆ ಬಿದ್ದಿದ್ದರೆ ಒಲೆಯ ಕೊಳ್ಳಿ ಹಿರಿದು ನಮ್ಮನ್ನು ಓಣಿ ದಾಟಿಸುತ್ತಿದ್ದರೋ ಏನೋ.

ಈ ಪ್ರಸಂಗವನ್ನು ಕಣ್ಣಾರೆ ಕಂಡವಳು ನನ್ನ ಮುತ್ತಜ್ಜಿ ದ್ಯಾಮವ್ವ. ತಾಯಿಯವರ ಹಂಡೆಗೆ ನೀರು ಸೇದಿ ಹಾಕಿ, ಒಲೆಗೆ ಉರಿ ಕೊಡುತ್ತಿದ್ದವಳು ಅವಳು. ಬಾಯಿ ಬಲು ಜೋರು, ಮನಸ್ಸು ಬೆಣ್ಣೆ. ಅವಳು ನನ್ನ ಅಜ್ಜಿಗೆ ಹೇಳಿದ್ದನ್ನು ಅಜ್ಜಿ ನನಗೆ ಹೇಳಿದರು. ನಡುವೆ ಎಲ್ಲಿಯಾದರೂ ಸಿಟ್ಟು ಹೆಚ್ಚಾಗಿ ಕಂಡರೆ ಅದು ನನ್ನ ಪಾಲಿನದು ಎಂದು ತಿಳಿಯಿರಿ. ಈ ಕಥೆಯನ್ನು ತಣ್ಣಗೆ ಹೇಳಲು ನನ್ನಿಂದ ಇವತ್ತಿಗೂ ಆಗಿಲ್ಲ.

ಮೊದಲು ಆ ಪುದೀನದ ಮಾತು. ಬಚ್ಚಲ ನೀರು ಸಣ್ಣ ಕಾಲುವೆಯಲ್ಲಿ ಹರಿದು, ಹಿತ್ತಲ ಗೋಡೆಯ ನೆರಳಿಗೆ ಹೋಗಿ ಇಂಗುತ್ತಿತ್ತು. ತಾಯಿಯವರು ಅಲ್ಲಿ ಒಂದು ಪಾತಿ ಕಟ್ಟಿ ಯಾವ ಕಾಲದಲ್ಲೋ ನಾಲ್ಕು ಪುದೀನ ಕಡ್ಡಿ ಚುಚ್ಚಿದ್ದರು. ನಮ್ಮ ಯರೆ ಸೀಮೆಯಲ್ಲಿ ಬೇಸಿಗೆ ಬಂತೆಂದರೆ ನೆಲ ಕೈ ಹೋಗುವಷ್ಟು ಬಿರಿಯುತ್ತದೆ, ಬೇಲಿಯ ಹಸಿರೂ ಬಣ್ಣ ಕಳೆದುಕೊಳ್ಳುತ್ತದೆ. ಆ ಪಾತಿ ಮಾತ್ರ ವರ್ಷವೆಲ್ಲ ಹಸಿರು. ದಿನ ಬೆಳಗಾದರೆ ಅಲ್ಲಿ ಯಾರೋ ಒಬ್ಬ ಬಾಣಂತಿಯ ಸ್ನಾನವಾಗುತ್ತಿತ್ತು, ಯಾವುದೋ ಒಂದು ಕೂಸು ಕಿರುಚುತ್ತಿತ್ತು, ನೀರು ಪಾತಿಗೆ ಬರುತ್ತಿತ್ತು. ಒಲೆಯ ಬೂದಿಯೂ ಅಲ್ಲಿಗೇ. ಪುದೀನಕ್ಕೆ ಇನ್ನೇನು ಬೇಕು?

ತಾಯಿಯವರದು ಒಂದೇ ಕಟ್ಟಳೆ. ಕೇಳಿದವರಿಗೆ ಇಲ್ಲವೆನ್ನುತ್ತಿರಲಿಲ್ಲ, ಆದರೆ ಬುಡ ಹಿಡಿದು ಕೀಳಗೊಡುತ್ತಿರಲಿಲ್ಲ. ಎರಡು ಎಲೆ ಬಿಟ್ಟು ಮೇಲಿನ ತುದಿಯನ್ನು ಚಿವುಟಬೇಕು. ಚಿವುಟಿದಲ್ಲಿ ಎರಡು ಚಿಗುರು ಬರುತ್ತವೆ. ಮನೆಯಲ್ಲಿ ಬೆಳೆಸುತ್ತೇನೆ ಎಂದವರಿಗೆ ಬೇರು ಸಮೇತ ಒಂದು ಕಡ್ಡಿ ತಾವೇ ಬಿಡಿಸಿ ಕೊಡುತ್ತಿದ್ದರು. ಹೀಗಾಗಿ ಊರಿನ ಅರ್ಧ ಬಚ್ಚಲುಗಳ ಬದಿಯಲ್ಲಿದ್ದುದು ಅದೇ ಪಾತಿಯ ಸಂತಾನ.

ಅಮಾವಾಸ್ಯೆಯ ದಿನ ಊರ ಮಠದಲ್ಲಿ ದಾಸೋಹ. ಜೋಳದ ರೊಟ್ಟಿ, ಕಾಳಿನ ಪಲ್ಯ, ಜೊತೆಗೆ ಹಾಲವ್ವ ತಾಯಿಯವರ ಹಿತ್ತಲ ಪುದೀನದ ಚಟ್ನಿ. ಎಲೆಯ ಮೇಲೆ ಆ ಚಟ್ನಿ ಬೀಳದಿದ್ದರೆ ಅಮಾವಾಸ್ಯೆಯಾದಂತೆ ಯಾರಿಗೂ ಅನ್ನಿಸುತ್ತಿರಲಿಲ್ಲ. ಮಠದಿಂದಲೂ ಆ ಮನೆಯ ಬಾಣಂತಿಯರಿಗೆಂದು ಜೋಳ ಬರುತ್ತಿತ್ತು. ಬಡವರ ಮನೆಯ ಹೆಣ್ಣುಮಕ್ಕಳು, ತವರಿಲ್ಲದವರು, ಯಾರಿಗೂ ಬೇಡವಾದವರು ತಾಯಿಯವರಲ್ಲಿಗೆ ಬಂದು ಹೆತ್ತು, ಮೈ ಗಟ್ಟಿಯಾಗುವವರೆಗೆ ಇದ್ದು ಹೋಗುತ್ತಿದ್ದರು.

ಹಾಗೆ ಬಂದವಳು ಹುಲಿಗೆವ್ವ. ಕಲ್ಲು ಒಡೆಯುವವರ ಜೊತೆ ಊರೂರು ತಿರುಗುತ್ತಿದ್ದ ಹುಡುಗಿ. ಬರುವಾಗಲೇ ದಿನ ತುಂಬಿತ್ತು, ಕಾಲು ಬಾತಿದ್ದವು, ಜೊತೆಯಲ್ಲಿ ಯಾರೂ ಇರಲಿಲ್ಲ. ಗಂಡು ಕೂಸು ಹುಟ್ಟಿತು. ಅದರ ತಂದೆ ಯಾರೆಂದು ಊರೆಲ್ಲ ಕೇಳಿತು. ತಾಯಿಯವರು ಕೇಳಲಿಲ್ಲ.

ನಮ್ಮಲ್ಲಿ ಕೂಸು ಹುಟ್ಟಿದ ಕೆಲದಿನಗಳಲ್ಲೇ ಮಠದ ಅಯ್ಯನವರು ಬಂದು ಅದಕ್ಕೆ ಲಿಂಗ ಕಟ್ಟಬೇಕು. ತಾಯಿಯವರ ಮನೆಯಲ್ಲಿ ಹುಟ್ಟಿದ ಎಲ್ಲ ಕೂಸುಗಳಿಗೂ ಕಟ್ಟಿದ್ದರು. ಆಗ ತಂದೆಯ ನಂತರ ಮಠದಲ್ಲಿದ್ದವರು ಗುರುಪಾದಯ್ಯನವರು. ಓದಿಕೊಂಡವರು, ಆಚಾರವಂತರು, ಮಾತು ಕೊಟ್ಟರೆ ತಪ್ಪದವರು. ನಾಲ್ಕು ಜನ ಏನಂದಾರು ಎಂಬ ಹೆದರಿಕೆಯೊಂದು ಅವರನ್ನು ತಿಂದುಹಾಕಿತ್ತು. ಅವರು ಹೇಳಿ ಕಳಿಸಿದರು: ಹುಡುಗಿ ಮೊದಲು ಗಂಡನ ಹೆಸರು ಹೇಳಲಿ, ಆಮೇಲೆ ಲಿಂಗದ ಮಾತು.

ಹುಲಿಗೆವ್ವ ಬಾಯಿ ಬಿಡಲಿಲ್ಲ. ಲಿಂಗವಿಲ್ಲದ ಕೂಸನ್ನು ಎದೆಗೆ ಹಚ್ಚಿಕೊಂಡು ಗೋಡೆಯ ಕಡೆ ಮುಖ ಮಾಡಿ ಮಲಗಿದಳು. ಆ ಕೂಸನ್ನು ಊರು ತನ್ನದೆನ್ನುತ್ತದೋ ಇಲ್ಲವೋ, ಇಷ್ಟೇ ಆಕೆಗೆ ಬೇಕಾಗಿದ್ದ ಉತ್ತರ.

ಊರಿನ ಉತ್ತರ ಚಟ್ನಿಯ ಹಾದಿ ಹಿಡಿದು ಬಂತು. ಅಮಾವಾಸ್ಯೆ ಹತ್ತಿರವಾದಾಗ ಮಠದ ಕಟ್ಟೆಯ ಮೇಲೆ ಯಾರೋ ಮಾತು ತೆಗೆದರಂತೆ: ಆ ಪುದೀನಕ್ಕೆ ಈಗ ಯಾರು ಮಿಂದ ನೀರು ಬೀಳುತ್ತಿದೆ? ಕೇಳಿದವರ ಮುಖ ಹುಳ್ಳಗಾಯಿತು. ಬಾಣಂತಿ ನೀರು ಮೈಲಿಗೆಯದಲ್ಲವೇ, ಅದನ್ನು ಕುಡಿದು ಬೆಳೆದ ಎಲೆ ದಾಸೋಹಕ್ಕೆ ಹೇಗೆ ಬಂತು, ಇಷ್ಟು ದಿನ ನಾವು ಉಂಡದ್ದೇನು? ಇಷ್ಟು ವರ್ಷ ಬೆರಳು ನೆಕ್ಕಿ ಉಂಡವರಿಗೆ ಅಂದು ಇದ್ದಕ್ಕಿದ್ದಂತೆ ಮೈಲಿಗೆ ನೆನಪಾಯಿತು. ಹುಲಿಗೆವ್ವನ ಹೆಸರು ಹಿಡಿದು ಆಡಲು ನಾಚಿಕೆಯಾಗಿ ಪುದೀನದ ಹೆಸರು ಹಿಡಿದರು ಎಂದು ನನ್ನ ಮುತ್ತಜ್ಜಿ ಹೇಳುತ್ತಿದ್ದಳಂತೆ. ಅವಳು ಹೇಳಿದ್ದು ಸರಿ.

ಗುರುಪಾದಯ್ಯನವರು ತಾಯಿಯವರ ಹಿತ್ತಲಿಗೆ ಬಂದರು. ತಾಯಿಯವರು ಪಾತಿಯ ಬದಿಯಲ್ಲಿ ಕುಕ್ಕುರುಗಾಲಲ್ಲಿ ಕೂತು, ಬಲಿತು ಗಟ್ಟಿಯಾದ ಕಡ್ಡಿಗಳನ್ನು ಸವರುತ್ತಿದ್ದರು. ಕಣ್ಣು ಆಗಲೇ ಮಂಜಾಗಿದ್ದವು, ಬೆರಳಿಗೆ ಎಲ್ಲ ಕಾಣುತ್ತಿತ್ತು. ಬಂದವರಿಗೆ ಮೊದಲು ಕೈ ಮುಗಿದರು. ಆ ಅಯ್ಯನವರು ಹುಟ್ಟಿದ್ದು ಅವರ ಕೈಯಲ್ಲೇ, ಮೊದಲ ನೀರು ಹಾಕಿಸಿಕೊಂಡದ್ದು ಅದೇ ಕಲ್ಲಿನ ಮೇಲೆ. ಆದರೂ ಮಠದವರೆಂಬ ಗೌರವದಲ್ಲಿ ತಾಯಿಯವರು ಎಂದೂ ಒಂದು ಕೂದಲೆಳೆ ಕಡಿಮೆ ಮಾಡಿದವರಲ್ಲ.

"ಅವ್ವಾರ, ನಾ ಹೇಳಾಕ ಬಂದದ್ದು ನಿಮ್ಮ ಒಳ್ಳೇದಕ್ಕ," ಎಂದರು ಗುರುಪಾದಯ್ಯನವರು. "ಈ ಪುದೀನ ಕಿತ್ತು ಹಾಕ್ರಿ. ಬಾಣಂತಿ ಬಚ್ಚಲಾ ಊರ ಹೊರಗ ಎಲ್ಲೆರ ಮಾಡ್ಕೋರಿ. ಆ ಹುಡುಗೀನ್ನ ಕಳಸ್ರಿ. ಎಲ್ಲಾ ಸುಮ್ನಾಗತೈತಿ."

"ಲಿಂಗ ಕಟ್ಟಿದವ್ರಿಗೆ ಹುಟ್ಟಿನ ಸೂತಕ ಇಲ್ಲಂತ ನಿಮ್ಮ ತಂದೆಯವ್ರು ಇಲ್ಲೇ ನಿಂತು ಹೇಳ್ತಿದ್ರು," ಎಂದರು ತಾಯಿಯವರು.

"ಧರ್ಮ ಹೇಳೂದು ಬ್ಯಾರೆ ಅವ್ವಾರ, ಊರ ರೂಢಿ ಬ್ಯಾರೆ. ಜನಾ ಎಲಿ ಬಿಟ್ಟು ಎದ್ದು ಹೋದ್ರ ನಾ ಏನ್ ಮಾಡ್ಲಿ?"

ತಾಯಿಯವರು ಕೈಯ ಮಣ್ಣು ಒರೆಸಿಕೊಂಡು ಎದ್ದರು. "ಪುದೀನ ಕೀಳೂದಿಲ್ಲ. ಬಾಣಂತೀನ್ನ ಕಳಸೂದಿಲ್ಲ. ಬಚ್ಚಲಾ ಇಲ್ಲೇ ಇರತೈತಿ."

ಅಷ್ಟೇ. ವಾದವಿಲ್ಲ, ಬೇಡಿಕೊಳ್ಳುವುದೂ ಇಲ್ಲ. ಅಯ್ಯನವರು ಇನ್ನೂ ಏನೋ ಹೇಳುತ್ತಿದ್ದಂತೆಯೇ ಒಳಗೆ ಕೂಸು ಅತ್ತಿತು, ತಾಯಿಯವರು ಅತ್ತ ಹೋದರು.

ಮಠದಿಂದ ಬರುತ್ತಿದ್ದ ಜೋಳ ನಿಂತಿತು. ಆ ಅಮಾವಾಸ್ಯೆಗೆ ಮಠದಲ್ಲಿ ಪುದೀನವಿಲ್ಲದ ಊಟವಾಯಿತು. ತಾಯಿಯವರ ಮನೆಯಲ್ಲಿ ಪಲ್ಯಕ್ಕೆ ಏನೂ ಉಳಿಯದೆ ಪುದೀನವೇ ಊಟವಾಯಿತು. "ಮಠದಾಗ ಚಟ್ನಿ ಇಲ್ಲ, ನಮ್ಮಲ್ಲಿ ಚಟ್ನಿ ಬಿಟ್ಟು ಮತ್ತೇನೂ ಇಲ್ಲ. ಯಾರು ಶ್ರೀಮಂತ್ರು ಹೇಳ್ರಿ ನೋಡೂಣು," ಎಂದು ದ್ಯಾಮವ್ವ ಓಣಿಗೆಲ್ಲ ಕೇಳುವಂತೆ ಕೂಗಿದಳಂತೆ. ತಾಯಿಯವರು ಅವಳನ್ನು ಗದರಿಸಲಿಲ್ಲ. ಓಣಿಯ ಹೆಣ್ಣುಮಕ್ಕಳು ಗಂಡಂದಿರ ಕಣ್ಣು ತಪ್ಪಿಸಿ, ಸೆರಗಿನಲ್ಲಿ ಮುಚ್ಚಿಕೊಂಡು ರೊಟ್ಟಿ ತಂದು ಹೊಸ್ತಿಲಲ್ಲಿ ಇಟ್ಟು ಹೋಗುತ್ತಿದ್ದರು. ಅವರೆಲ್ಲ ಆ ಕಲ್ಲಿನ ಮೇಲೆ ಮಿಂದವರೇ.

ತಾಯಿಯವರು ಬಾಗುವವರಲ್ಲ ಎಂದು ಖಾತ್ರಿಯಾದ ಮೇಲೆ ಗುರುಪಾದಯ್ಯನವರು ಒಂದು ಬೆಳಿಗ್ಗೆ ಗುದ್ದಲಿ ಹಿಡಿದ ಇಬ್ಬರು ಆಳುಗಳನ್ನೂ, ಊರ ಕೆಲವು ಹಿರಿಯರನ್ನೂ ಕರೆದುಕೊಂಡು ಬಂದರು. ಪಾತಿ ಅಗೆದು ನೆಲ ಶುದ್ಧಿ ಮಾಡಬೇಕೆಂದು ನಿರ್ಣಯವಾಗಿತ್ತು. ದ್ಯಾಮವ್ವ ಒಲೆಯ ಕೊಳ್ಳಿ ಹಿರಿದು ದಾರಿಗೆ ಅಡ್ಡ ನಿಂತಳು.

"ಬಾಜೂಕ ಸರಿ ದ್ಯಾಮಿ," ಎಂದರು ತಾಯಿಯವರು. "ಅಗೀಲಿ. ಅಯ್ಯಾರ, ಆಳಕ್ಕ ಅಗಸ್ರಿ. ಮ್ಯಾಲಮ್ಯಾಲ ಬ್ಯಾಡ."

ನಂತರ ತಾವು ಮಣೆ ತಂದು ಹಾಕಿಕೊಂಡು ಪಾತಿಯ ಎದುರಿಗೇ ಕೂತರು.

ಆಳುಗಳು ಅಗೆದರು. ಗುದ್ದಲಿ ಹರಿತವಾಗಿತ್ತು, ನೆಲ ಹದವಾಗಿತ್ತು. ನೆಲದೊಳಗೆ ಬಲೆಯಂತೆ ಹೆಣೆದುಕೊಂಡಿದ್ದ ಬಿಳಿ ಬೇರುಗಳು ಒಂದೊಂದು ಏಟಿಗೂ ತುಂಡುತುಂಡಾದವು. ಮೇಲಿನ ಹಸಿರನ್ನು ಬಾಚಿ ಹಿತ್ತಲ ಬಾಗಿಲಾಚೆ ಓಣಿಯ ಗಟಾರಕ್ಕೆ ಎಸೆದರು. ಹೆಂಟೆಗಳನ್ನು ಒಡೆದು ಪುಡಿ ಮಾಡಿ ನೆಲ ಸಮ ಮಾಡಿದರು. ಅದಾದ ಮೇಲೆ ಶುದ್ಧಿ. ಮಡಿಯಲ್ಲಿ ತಂದ ಸಗಣಿಯನ್ನು ಕದಡಿ ಹಿತ್ತಲೆಲ್ಲ ಸುರಿದರು. ಗೋಮೂತ್ರ ಚಿಮುಕಿಸಿದರು. ಮಂತ್ರ ಹೇಳುತ್ತ ಬಾವಿಯ ನೀರನ್ನು ಕೊಡಗಟ್ಟಲೆ ಹೊಯ್ದರು. ಕಡೆಗೆ ಬಚ್ಚಲ ಕಾಲುವೆಯ ಬಾಯಿಗೆ ಒಂದು ಕಲ್ಲು ಜಡಿದರು, ಇನ್ನು ಮುಂದೆ ಬಾಣಂತಿ ನೀರು ಆ ಪಾತಿಗೆ ಹರಿಯದಿರಲಿ ಎಂದು.

ದ್ಯಾಮವ್ವ ಅಳುತ್ತ ಬೈಯುತ್ತ, ಬೈಯುತ್ತ ಅಳುತ್ತ ನಿಂತಿದ್ದಳು. ತಾಯಿಯವರ ಮುಖದಲ್ಲಿ ಸಣ್ಣ ನಗೆ. ಎಲ್ಲರೂ ಹೊರಟಾಗ ಅವರು ಆಳುಗಳಿಗೆ ಮಜ್ಜಿಗೆ ಕೊಡಿಸಿದರು. "ಪಾಪ, ಭಾಳ ದುಡದ್ರು," ಎಂದರು. "ಈ ಪಾತಿಗೆ ಇಷ್ಟು ಚಲೋ ಅಗತ ನಾ ಎಂದೂ ಮಾಡಿದ್ದಿಲ್ಲ."

ಪುದೀನ ಬೆಳೆಸಿದ ಯಾವ ಹೆಣ್ಣುಮಗಳನ್ನು ಕೇಳಿದರೂ ಮುಂದಿನದನ್ನು ಹೇಳಿಯಾಳು. ಆದರೆ ಶುದ್ಧಿಗೆ ಬಂದವರಲ್ಲಿ ಒಬ್ಬರೂ ಎಂದೂ ಪುದೀನ ಬೆಳೆಸಿದವರಲ್ಲ, ಬರೀ ಉಂಡವರು. ಪುದೀನದ ಬೇರಿನ ಗೆಣ್ಣು ಗೆಣ್ಣಿಗೂ ಜೀವವಿದೆ. ಒಂದು ತುಂಡು ನೂರಾದರೆ ಗಿಡವೂ ನೂರು. ಸಡಿಲಾದ ಮಣ್ಣು, ಸಗಣಿ, ಗೋಮೂತ್ರ, ಹೊಟ್ಟೆ ತುಂಬ ನೀರು. ಮಂತ್ರವೊಂದು ಹೆಚ್ಚಿನದು, ಅದರಿಂದಲೂ ಗಿಡಕ್ಕೆ ತೊಂದರೆಯೇನೂ ಆಗಲಿಲ್ಲ. ಕಾಲುವೆಗೆ ಜಡಿದ ಕಲ್ಲಿನಿಂದ ಬಚ್ಚಲ ನೀರು ಹಿಮ್ಮೆಟ್ಟಿ ಅಕ್ಕಪಕ್ಕ ಹರಡಿ ಇಡೀ ಹಿತ್ತಲನ್ನು ನೆನೆಸಿತು. ಗಟಾರಕ್ಕೆ ಎಸೆದ ಕಡ್ಡಿಗಳು ಗಟಾರದ ಹಸಿಯಲ್ಲೇ ಬೇರು ಬಿಟ್ಟವು.

ಇನ್ನೊಂದು ಅಮಾವಾಸ್ಯೆ ಹತ್ತಿರವಾಗುವ ಹೊತ್ತಿಗೆ ಹಿತ್ತಲಲ್ಲಿ ಕಾಲಿಡಲು ಜಾಗವಿರಲಿಲ್ಲ. ಎಲ್ಲೆಲ್ಲೂ ಪುದೀನ. ಗಟಾರದ ಗುಂಟ ಅದು ಓಣಿ ಇಳಿದು ಹೋಗಿ ಮಠದ ಗೋಡೆ ಮುಟ್ಟಿತು. ಓಣಿಯಲ್ಲಿ ನಡೆದವರ ಕಾಲಿಗೆಲ್ಲ ಆ ವಾಸನೆ. "ಅಯ್ಯಾರ ಶುದ್ಧಿ ಭಾಳ ಚಲೋ ಹತ್ತೇತಿ," ಎಂದು ಹುಡುಗರು ಮಠದ ಮುಂದೆ ನಿಂತೇ ನಕ್ಕರು.

ಭಕ್ತರು ಕಾಯಿ ಕರ್ಪೂರ ಹಿಡಿದು ಓಡಿ ಬಂದರು. ತಾಯಿಯವರ ಶಾಪವೆಂದರು ಕೆಲವರು, ಪವಾಡವೆಂದರು ಕೆಲವರು. ತಾಯಿಯವರು ಕಾಯಿಯನ್ನು ಒಡೆಯಗೊಡಲಿಲ್ಲ. "ಪವಾಡ ಗಿವಾಡ ಅನಬ್ಯಾಡ್ರಿ. ಪುದೀನದ ಹುಟ್ಟುಗುಣ ಅದು. ಕಡದಷ್ಟೂ ಹಬ್ಬತೈತಿ. ಬಂದೀರಿ, ಒಂದಿಷ್ಟು ಚಿವುಟಿಕೊಂಡು ಹೋಗ್ರಿ," ಎಂದರು. ಆ ಕಾಯಿ ಬಾಣಂತಿಯ ಸಾರಿಗೆ ಹೋಯಿತು.

ಇಷ್ಟೆಲ್ಲ ಆಗುತ್ತಿದ್ದರೂ ಒಳಗೆ ಹುಲಿಗೆವ್ವ ಕರಗುತ್ತಿದ್ದಳು. ತನ್ನಿಂದ ಈ ಮನೆಗೆ ಜೋಳ ನಿಂತಿತು, ತನ್ನಿಂದ ಗುದ್ದಲಿ ಬಂತು ಎಂದು ಆಕೆಗೆ ಗೊತ್ತಿತ್ತು. ಒಂದು ಮುಂಜಾನೆ ಕೂಸನ್ನು ಹಳೆಯ ಸೀರೆಯಲ್ಲಿ ಸುತ್ತಿಕೊಂಡು ಬಾಗಿಲಿಗೆ ಬಂದಳು. ಮೈಯಲ್ಲಿ ಇನ್ನೂ ಸಣ್ಣ ಜ್ವರ.

"ನನ್ನ ಸಲುವಾಗಿ ಊರ ಜೋಡಿ ಯಾಕ ಜಗಳಾ, ಯವ್ವಾ. ನಾ ಹೊಕ್ಕೇನಿ."

ತಾಯಿಯವರು ಬಾಗಿಲಲ್ಲೇ ನಿಂತಿದ್ದರು. "ಎಲ್ಲಿಗಿ?"

ಹುಲಿಗೆವ್ವನಿಗೆ ಹೇಳಲು ಊರಿನ ಹೆಸರೊಂದಿರಲಿಲ್ಲ.

"ಇವತ್ತು ನೀ ಹೋದ್ರ ಅವ್ರು ಅಂದದ್ದು ಖರೆ ಆಗತೈತಿ," ಎಂದರು ತಾಯಿಯವರು. "ನನ್ನ ಹಿತ್ತಲ ಹೊಲಸು ಅಂತ ನೀನs ಒಪ್ಪಿಕೊಂಡಂಗ. ಒಪ್ಪಿಕೊಂತೀಯೇನು?"

ಹುಡುಗಿ ತಲೆ ಅಲ್ಲಾಡಿಸಿದಳು.

"ಹಂಗಾದ್ರ ಬಾ. ನೀರು ಕಾದೈತಿ."

ಅದೇ ಬೆಳಿಗ್ಗೆ ಗುರುಪಾದಯ್ಯನವರೂ ಒಂದು ಗಟ್ಟಿ ಮನಸ್ಸು ಮಾಡಿದ್ದರು. ಹುಡುಗರ ನಗೆ ಅವರನ್ನು ಚುಚ್ಚಿತ್ತು. ಪುದೀನವನ್ನು ಎಷ್ಟು ಅಗೆದರೂ ಫಲವಿಲ್ಲ, ಮೊದಲು ಹುಡುಗಿಯನ್ನು ಆ ಮನೆಯಿಂದ ಹೊರಡಿಸಬೇಕು ಎಂಬ ಹಟ ಅವರ ತಲೆಗೆ ಹೊಕ್ಕಿತ್ತು. ಸ್ನಾನ ಮುಗಿಸಿ, ಮಡಿಯುಟ್ಟು, ಪೂಜೆಗೂ ಮೊದಲೇ ಮಠದಿಂದ ಇಳಿದು ಬಂದರು. ಪುದೀನ ತುಳಿಯದಂತೆ ಕಾಲಿಡಲು ಎಷ್ಟೇ ಪ್ರಯತ್ನಿಸಿದರೂ ಆಗದೆ, ತುಳಿಯುತ್ತಲೇ ಹಿತ್ತಲ ಬಾಗಿಲು ದಾಟಿದರು.

ಬಚ್ಚಲಲ್ಲಿ ಆಗಷ್ಟೇ ಹುಲಿಗೆವ್ವನ ಸ್ನಾನ ಮುಗಿದಿತ್ತು. ಬಾಣಂತಿಯ ನೀರೆಂದರೆ ಸುಡುಸುಡು ನೀರು. ಜ್ವರದ ಮೈ ಅದನ್ನು ತಾಳದೆ ಹುಡುಗಿಗೆ ಕಣ್ಣು ಕತ್ತಲೆ ಬಂತು. ದ್ಯಾಮವ್ವ ಅವಳನ್ನು ತೆಕ್ಕೆಯಲ್ಲಿ ಹಿಡಿದು ಒಳಗೆ ಒಯ್ದಳು. ಅಷ್ಟರಲ್ಲಾಗಲೇ ತಾಯಿಯವರು ಮಣೆಯ ಮೇಲೆ ಕೂತು, ಕಲ್ಲಿನ ಮೇಲೆ ಕಾಲು ಚಾಚಿ, ಮೊಣಕಾಲಿನಿಂದ ಕೆಳಗೆ ಕಾಲ ಮೇಲೆ ಕೂಸನ್ನು ಬೋರಲು ಮಲಗಿಸಿಕೊಂಡು ಕಡಲೆಹಿಟ್ಟು ಹಚ್ಚಿಬಿಟ್ಟಿದ್ದರು. ಎಣ್ಣೆ ಹಿಟ್ಟಿನ ಕೂಸು ಮೀನಿನ ಹಾಗೆ ಜಾರುತ್ತಿತ್ತು. ಎರಡು ಕೈಯೂ ಅದನ್ನು ಹಿಡಿಯಲಿಕ್ಕೇ ಬೇಕು. ನೀರು ಹಾಕುವವರು ಯಾರೂ ಇರಲಿಲ್ಲ. ಬೆಳಗಿನ ಗಾಳಿಗೆ ಕೂಸು ಮೈ ಸೆಟೆದು ಅಳುತ್ತಿತ್ತು, ತುಟಿ ಬಣ್ಣಗೆಡುತ್ತಿತ್ತು.

"ಅವ್ವಾರ, ಇವತ್ತs ಆ ಹುಡುಗಿ..." ಎಂದು ಅಯ್ಯನವರು ಶುರು ಮಾಡಿದರು.

ತಾಯಿಯವರು ದನಿಯ ಕಡೆ ಮುಖ ತಿರುಗಿಸಿದರು. "ನೀರು ಹಾಕು," ಎಂದರು.

ನೀವು ಎನ್ನಲಿಲ್ಲ, ಅಯ್ಯಾರ ಎನ್ನಲಿಲ್ಲ. ಅಷ್ಟು ವರ್ಷ ತಪ್ಪದೆ ಇಟ್ಟುಕೊಂಡು ಬಂದ ಬಹುವಚನವನ್ನು ಆ ಕೂಸಿನ ಚಳಿಯ ಮುಂದೆ ಪಕ್ಕಕ್ಕಿಟ್ಟರು. ಗುರುಪಾದಯ್ಯನವರು ಹಿಂದೆ ನೋಡಿದರು, ಬಾಗಿಲ ಕಡೆ ನೋಡಿದರು. ಯಾರೂ ಇರಲಿಲ್ಲ.

"ಕೂಸು ತಣ್ಣಗಾಗಾಕತ್ತೈತಿ. ತಂಬಿಗಿ ತಗೋ. ಮದಲ ಕೈ ಅದ್ದಿ ನೋಡು, ಸುಟ್ಟೀತು."

ಅಯ್ಯನವರು ತಂಬಿಗೆ ತೆಗೆದುಕೊಂಡರು. ಹಂಡೆಯ ನೀರಿಗೆ ತಣ್ಣೀರು ಬೆರೆಸಿ, ಮಂತ್ರೋದಕ ಕೊಡುವ ಕೈಯನ್ನು ಅದರಲ್ಲಿ ಅದ್ದಿ ನೋಡಿದರು. ಆಮೇಲೆ ಹಾಕಿದರು. ನೀರು ಕೂಸಿನ ಬೆನ್ನ ಮೇಲೆ ಇಳಿಯಿತು, ತಾಯಿಯವರ ಕಾಲ ಮೇಲೆ ಇಳಿಯಿತು, ಕಲ್ಲಿನ ಮೇಲೆ ಹರಡಿತು. ಕಾಲುವೆಗೆ ಅಯ್ಯನವರೇ ಜಡಿಸಿದ್ದ ಕಲ್ಲಿಗೆ ತಾಗಿ ತಿರುಗಿ ಬಂದು ಅವರ ಪಾದವನ್ನೂ ಮಡಿಪಂಚೆಯ ಅಂಚನ್ನೂ ನೆನೆಸಿ ಪುದೀನದೊಳಗೆ ಹೋಯಿತು. ಬಿಸಿನೀರು ತಾಗಿದ ಎಲೆಗಳಿಂದ ಘಮ್ಮೆಂದು ವಾಸನೆ ಎದ್ದಿತು. ಕೂಸು ಅಳು ನಿಲ್ಲಿಸಿತು.

ಆಗ ತಾಯಿಯವರು ಕೇಳಿದರು.

"ಹಂಡೇದಾಗ ಇದ್ದಾಗ ಈ ನೀರು ಮೈಲಿಗಿ ಇತ್ತೇನು?"

"ಇಲ್ಲ."

"ನಿನ್ನ ಕೈಯಾಗ?"

"ಇಲ್ಲ."

"ಕೂಸಿನ ಬೆನ್ನಿನ ಮ್ಯಾಲೆ? ಕಲ್ಲಿನ ಮ್ಯಾಲೆ? ನಿನ್ನ ಪಾದದ ಮ್ಯಾಲೆ? ಎಲ್ಲಿ ಮೈಲಿಗಿ ಆತು, ಆ ಜಾಗ ತೋರಸು. ಅಲ್ಲೇ ಅಗಿಯೂಣು. ಗುದ್ದಲಿ ನಾನs ಹಿಡೀತೇನಿ."

ಗುರುಪಾದಯ್ಯನವರು ನೋಡಿದರು. ತಾಯಿಯವರು ಕೇಳಿದ್ದಾರೆಂದು ನಿಜವಾಗಿಯೂ ನೋಡಿದರು, ಹಂಡೆಯಿಂದ ಕಲ್ಲಿಗೆ, ಕಲ್ಲಿನಿಂದ ಪಾದಕ್ಕೆ, ಪಾದದಿಂದ ಪಾತಿಗೆ. ಓದಿದ ವಿದ್ಯೆಯನ್ನೆಲ್ಲ ಒಟ್ಟು ಮಾಡಿ ಹುಡುಕಿದರೂ ಬೆರಳಿಟ್ಟು ತೋರಿಸಲು ಒಂದು ಗೇಣು ಜಾಗ ಸಿಕ್ಕಲಿಲ್ಲ. ಒಳಗಿನಿಂದ ಬಂದ ದ್ಯಾಮವ್ವ ಬಾಗಿಲಲ್ಲೇ ಬೆರಗಾಗಿ ನಿಂತುಬಿಟ್ಟಳು. ಅವಳಿಗೂ ಮಾತು ಹೊರಡದ ದಿನ ಅದೊಂದೇ ಎನ್ನುತ್ತಿದ್ದರು ನನ್ನ ಅಜ್ಜಿ.

ಕಡೆಗೆ ಅಯ್ಯನವರು ಬಾಗಿದರು. ಮತ್ತೊಂದು ತಂಬಿಗೆ ತುಂಬಿಕೊಂಡರು.

"ಕಿವಿ ಹಿಂದ ಇನ್ನೂ ಹಿಟ್ಟು ಐತಿ, ಯವ್ವಾ," ಎಂದರು. "ಅದನ್ನೊಂದೀಟು ತೊಳೀತೇನಿ."

ಆ ಕಂಠದಲ್ಲಿ ಮಠವಿರಲಿಲ್ಲ. ತಾಯಿಯವರ ಕಣ್ಣಲ್ಲಿ ನೀರು ಬಂತು. ಬೈದಾಗ ಬಾರದ್ದು, ಜೋಳ ನಿಂತಾಗ ಬಾರದ್ದು, ಪಾತಿ ಅಗೆದಾಗ ಬಾರದ್ದು ಆಗ ಬಂತು. ಅವರು ಅದನ್ನು ಒರೆಸಿಕೊಳ್ಳಲಿಲ್ಲ. ಕೈಯಲ್ಲಿ ಕೂಸಿತ್ತು.

ಸ್ನಾನ ಮುಗಿದ ಮೇಲೆ ಗುರುಪಾದಯ್ಯನವರು ಮೊಣಕಾಲೂರಿ ಕಾಲುವೆಯ ಬಾಯಿಗೆ ಜಡಿದಿದ್ದ ಕಲ್ಲನ್ನು ತಮ್ಮ ಕೈಯಿಂದಲೇ ಕಿತ್ತರು. ಉಗುರು ಸೀಳಿ ರಕ್ತ ಬಂತು. ನಿಂತ ನೀರು ಗಳಗಳನೆ ತನ್ನ ಹಳೆಯ ಹಾದಿ ಹಿಡಿಯಿತು. ಮಠಕ್ಕೆ ಹೋಗಿ ಮಡಿ ಬದಲಿಸಿ ಬರುತ್ತಾರೆ ಎಂದುಕೊಂಡಳು ದ್ಯಾಮವ್ವ. ಅವರು ಹೋದದ್ದು ಲಿಂಗ ತರಲು. ಅದೇ ಒದ್ದೆ ಪಂಚೆಯಲ್ಲಿ ತಿರುಗಿ ಬಂದು, ಹುಲಿಗೆವ್ವನ ಮುಂದೆ ಕೂತು, ಕೂಸಿನ ಕೊರಳಿಗೆ ಲಿಂಗ ಕಟ್ಟಿದರು. ತಂದೆಯ ಹೆಸರು ಕೇಳಲಿಲ್ಲ. ಗೋಡೆಯ ಕಡೆ ಮುಖ ಮಾಡಿ ಮಲಗುತ್ತಿದ್ದ ಹುಡುಗಿ ಅಂದು ಈ ಕಡೆ ಹೊರಳಿ, ಕೂಸಿನ ಕೊರಳನ್ನು ಮುಟ್ಟಿ ಮುಟ್ಟಿ ನೋಡುತ್ತ ಬಿಕ್ಕಿ ಬಿಕ್ಕಿ ಅತ್ತಳಂತೆ. ಜ್ವರ ಕೂಡಲೇ ಬಿಟ್ಟಿತೆಂದು ಕೆಲವರು ಹೇಳುತ್ತಾರೆ. ಬಿಡಲಿಲ್ಲ. ನಿಧಾನವಾಗಿ, ಮಠದ ಜೋಳದ ಅಂಬಲಿ ಕುಡಿದ ಮೇಲೆ ಬಿಟ್ಟಿತು.

ಅಮಾವಾಸ್ಯೆ ಬಂತು. ಮಠದಲ್ಲಿ ಪಂಕ್ತಿ ಕೂತಿತು. ಹೆಣ್ಣುಮಕ್ಕಳ ಸಾಲಿನಲ್ಲಿ, ಎಲ್ಲರಿಗೂ ಕಾಣುವಂತೆ, ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು ಹುಲಿಗೆವ್ವ ಕೂತಿದ್ದಳು. ರೊಟ್ಟಿ ಬಡಿಸಿದರು, ಪಲ್ಯ ಬಡಿಸಿದರು. ಕಡೆಗೆ ಹಸಿರು ಚಟ್ನಿಯ ಪಾತ್ರೆ ಹಿಡಿದು ಬಂದವರು ಸ್ವತಃ ಗುರುಪಾದಯ್ಯನವರು. ಎಲೆಯ ಮೇಲೆ ಅದು ಬೀಳುತ್ತಿದ್ದಂತೆ ಹಿರಿಯರ ಕೈಗಳು ನಿಂತವು.

"ಅಯ್ಯಾರ, ಇದು ಆ ಹಿತ್ತಲಿಂದಲ್ಲೇನ್ರೀ?" ಎಂದರು ಒಬ್ಬ ಹಿರಿಯರು.

"ಹೌದು. ಬಾಣಂತಿ ನೀರು ಕುಡದು ಬೆಳದದ್ದು," ಎಂದರು ಗುರುಪಾದಯ್ಯನವರು. "ಆ ನೀರು ನಾನs ಹಾಕೇನಿ. ನಾ ಹುಟ್ಟಿದಾಗ ನನ್ನ ಮೈ ತೊಳದ ನೀರೂ ಅಲ್ಲೇ ಹೋಗೈತಿ, ನಿಮ್ಮದೂ ಅಲ್ಲೇ. ಎಲ್ಲಿ ಮೈಲಿಗಿ ಆತು, ಆ ಜಾಗ ತೋರಸ್ರಿ. ಈಗ ಬರ್ರಿ ಹೋಗೂಣು. ಗುದ್ದಲಿ ನಾ ಹಿಡೀತೇನಿ."

ಯಾರೂ ಏಳಲಿಲ್ಲ ಎಂದು ಬರೆದರೆ ಚೆಂದವಾಗಿರುತ್ತಿತ್ತು. ಒಬ್ಬರು ಎದ್ದು ಹೋದರು. ಹೋಗಲಿ ಬಿಡಿ, ಅವರ ಪಾಲಿನ ಚಟ್ನಿಯೂ ಉಳಿಯಿತು. ಗುರುಪಾದಯ್ಯನವರು ಪಾತ್ರೆ ಕೆಳಗಿಟ್ಟು, ಆ ತೆರವಾದ ಎಲೆಯ ಮುಂದೆ ತಾವೇ ಕೂತರು. ರೊಟ್ಟಿ ಮುರಿದು, ಚಟ್ನಿಗೆ ಅದ್ದಿ, ಎಲ್ಲರೂ ನೋಡುತ್ತಿದ್ದಂತೆ ಮೊದಲ ತುತ್ತು ಉಂಡರು. ಆಚೆ ಸಾಲಿನಲ್ಲಿ ಹಾಲವ್ವ ತಾಯಿಯವರು ಮಂಜಾದ ಕಣ್ಣಿಂದ ಆ ಕಡೆ ಮುಖ ಮಾಡಿ ಕಿವಿಗೊಟ್ಟು ಕೂತಿದ್ದರು. ಒಂದೊಂದಾಗಿ ರೊಟ್ಟಿ ಮುರಿಯುವ ಸದ್ದು ಅವರಿಗೆ ಕೇಳಿಸಿತು.

ಮರುದಿನದಿಂದ ತಾಯಿಯವರ ಹಂಡೆಗೆ ನೀರು ಸೇದುವವರು ಇಬ್ಬರಾದರು. ದ್ಯಾಮವ್ವನಿಗೆ ಅಯ್ಯನವರ ಸೇದುವ ರೀತಿ ಎಂದೂ ಸರಿ ಬರಲಿಲ್ಲ, ಅರ್ಧ ಕೊಡ ಚೆಲ್ಲುತ್ತಾರೆ ಎಂದು ಕಡೆಯವರೆಗೂ ಬೈದಳು. ಅವರು ತಲೆ ತಗ್ಗಿಸಿ ಬೈಸಿಕೊಂಡರು, ನೀರು ತರುವುದನ್ನು ಬಿಡಲಿಲ್ಲ. ಚೆಲ್ಲಿದ್ದೂ ಪುದೀನಕ್ಕೇ ಹೋಯಿತು.